ಪಡಸಾಲೆಗೆ ಬಂದ ಪದ

ಹೋದ ವರ್ಷ ಗೌರಿ ಗಣೇಶ ಮುಗಿದು ಪಿತೃಪಕ್ಷ ಹತ್ತಿರವಾಗುತ್ತಿದ್ದಾಗ ನಮ್ಮ ಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿದ್ದವು. ನಾನೂ ನಮ್ಮ ಅತ್ತೆಯೂ ಹಿರಿಯರ ಹಬ್ಬಕ್ಕೆಂದು ಜಂತೆಯ ಬಲೆ ಹೊಡೆದು, ಗೋಡೆ ಒರೆಸಿ, ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆವು. ತಿಪಟೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿರುವ ಮಗಳು ಪಡಸಾಲೆಯ ಕಂಬಕ್ಕೆ ಒರಗಿ, ಫೋನು ಹಿಡಿದುಕೊಂಡು, ಒಂದು ಪದದ ಹುಟ್ಟು ಹುಡುಕುತ್ತಿದ್ದಳು. ಅವರ ಮೇಡಂ ಒಬ್ಬೊಬ್ಬರಿಗೆ ಒಂದೊಂದು ಇಂಗ್ಲಿಷ್ ಬೀದಿಮಾತು ಹಂಚಿದ್ದರಂತೆ. ಅದು ಯಾವ ಭಾಷೆಯಿಂದ ಬಂತು, ಆ ಭಾಷೆಗೆ ಎಲ್ಲಿಂದ ಬಂತು, ಅದಕ್ಕೂ ಹಿಂದೆ ಎಲ್ಲಿತ್ತು ಎಂದು ಬೇರು ಹಿಡಿದು ಹೋಗಿ ಬರೆದು ತರಬೇಕು. ನಮ್ಮವಳಿಗೆ ಬಂದದ್ದು ‘ಪಾಲ್’.

“ಹಂಗಂದ್ರೆ?” ಎಂದು ಕೇಳಿದೆ.

“ಗೆಳೆಯ ಅಂತ ಅಮ್ಮ. ಮರ್ಯಾದೆ ಮಾತಲ್ಲ. ನಾವು ಮಗಾ, ಗುರು ಅಂತೀವಲ್ಲ, ಹಂಗೆ.”

ನಮ್ಮ ಯಜಮಾನರು ಅಂಗಳದಲ್ಲಿ ಬೈಕಿನ ಮಣ್ಣು ತೊಳೆಯುತ್ತಿದ್ದವರು ಅಲ್ಲಿಂದಲೇ ತೀರ್ಪು ಕೊಟ್ಟರು. “ಅದಕ್ಕೇನು ಹುಡುಕ್ತೀಯ ಮಗಳೇ? ಪಾಲುದಾರ ಅಂತೀವಲ್ಲ, ಅದರ ಅರ್ಧ ಅದು. ಕಾಯಿ, ಕಡಲೆಕಾಯಿ ತಗೊಂಡೋದೋರು ಮಾತ್ನೂ ತಗೊಂಡೋಗವ್ರೆ, ಬರ್ಕೋ.”

“ಅಪ್ಪ, ನೀನು ಹೇಳಿದ್ದು ಬರೆದ್ರೆ ನಮ್ಮ ಮೇಡಂ ನನ್ನ ವಾಪಸ್ ತೋಟಕ್ಕೆ ಕಳಿಸ್ತಾರೆ.”

“ತೋಟದಲ್ಲಿ ಕೆಲ್ಸ ಬೇಕಾದಷ್ಟೈತೆ, ಬಾ,” ಎಂದರು ಅವರು.

ನಾನು ನಗಲಿಲ್ಲ. ಗೆಳೆಯ ಎಂದ ತಕ್ಷಣ ನನ್ನ ಕಣ್ಣು ಪಡಸಾಲೆಯ ಮೂಲೆಗೆ ಹೋಗಿತ್ತು. ಅಲ್ಲಿ ಒಂದು ಮಣೆ ಗೋಡೆಗೆ ಒರಗಿಸಿಟ್ಟದ್ದು ಹಾಗೇ ಇತ್ತು. ಅದರ ಮೇಲೆ ಕೂರುತ್ತಿದ್ದವರು ಆಷಾಢದಲ್ಲಿ ತೀರಿಕೊಂಡಿದ್ದರು.

ನಮ್ಮ ಮನೆಯಲ್ಲಿ ಅವರನ್ನು ಎಲ್ಲರೂ ‘ಜೊತೆಯವರು’ ಎನ್ನುತ್ತಿದ್ದೆವು. ನಮ್ಮ ಮಾವನ ಜೊತೆಯವರು. ಮಾವ ವಯಸ್ಸಿನಲ್ಲಿದ್ದಾಗ ಕೊಬ್ಬರಿ ಸುಲಿಯುವ ಆಳುಗಳ ಗುಂಪಿನ ಜೊತೆ ಕಂದಿಕೆರೆ ಕಡೆಯ ಲಂಬಾಣಿ ತಾಂಡಾದಿಂದ ಬಂದ ಇವರು, ಗುಂಪು ಮುಂದಿನ ಊರಿಗೆ ಹೋದಾಗ ಹೋಗದೆ ಉಳಿದರು. ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳಂತೆ. ಮನೆಗೆ ಹೋಗುವುದಕ್ಕೆ ಮನಸ್ಸಿರಲಿಲ್ಲವಂತೆ. ಇದನ್ನೂ ನನಗೆ ಹೇಳಿದ್ದು ಮಾವನೇ ಹೊರತು ಅವರಲ್ಲ. ಕೊಬ್ಬರಿ ಮನೆಯ ಪಕ್ಕದ ಕೋಣೆ ಅವರದಾಯಿತು. ನಾನು ಮದುವೆಯಾಗಿ ಬಂದಾಗ ಅವರು ಆಗಲೇ ನೆರೆಗೂದಲಿನವರು.

ನಮ್ಮ ಕಡೆ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುವುದಕ್ಕೆ ಹೆಚ್ಚುಕಡಿಮೆ ವರ್ಷ ಬೇಕು. ಆಮೇಲೆ ಇಳಿಸಿ, ಮಟ್ಟೆ ಸುಲಿದು, ಚಿಪ್ಪು ಒಡೆಯುತ್ತಾರೆ. ಮಾವ ಸುಲಿಯುತ್ತಿದ್ದರು, ಜೊತೆಯವರು ಒಡೆಯುತ್ತಿದ್ದರು. ಎದುರುಬದುರು ಕೂತು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕಾಯಿ ಹೋಗುತ್ತಿತ್ತು. ಹೊರಗಿನವರು ಯಾರಾದರೂ ಇದ್ದರೆ ಜೊತೆಯವರು ಮಾವನನ್ನು ‘ಯಜಮಾನ್ರೇ’ ಎನ್ನುತ್ತಿದ್ದರು. ಇಬ್ಬರೇ ಇದ್ದಾಗ ಬೇರೆ. ನಾನು ಟೀ ತೆಗೆದುಕೊಂಡು ಕೊಬ್ಬರಿ ಮನೆಯ ಹತ್ತಿರ ಹೋಗುವಾಗ ಒಳಗಿನಿಂದ ಕೇಳುತ್ತಿತ್ತು:

“ಏನ್ಲಾ, ನಿದ್ದೆ ಮಾಡ್ತಿದೀಯಾ, ಕಾಯಿ ಕೊಡ್ಲಾ.”

“ನಿನ್ನ ಕೈ ನಿಂತೈತೆ ಕಣ್ಲಾ, ನನ್ನ ಕೈ ನಿಂತಿಲ್ಲ.”

ನನ್ನ ಬಳೆ ಸದ್ದಾದರೆ ಸಾಕು, ಏನ್ಲಾ ಹೋಗಿ ಯಜಮಾನ್ರೇ ಆಗುತ್ತಿತ್ತು. ಮಾವ ತಲೆ ತಗ್ಗಿಸಿಕೊಂಡು ನಗುತ್ತಿದ್ದರು.

ಊಟದ ವಿಷಯವನ್ನೂ ಹೇಳಬೇಕು. ನಮ್ಮ ಮನೆಯ ಗಂಡಸರು ನಡುಮನೆಯಲ್ಲಿ ಉಣ್ಣುವುದು ಮೊದಲಿನಿಂದ ಬಂದದ್ದು. ಜೊತೆಯವರನ್ನು ಅಲ್ಲಿ ಕೂರಿಸುವಂತಿರಲಿಲ್ಲ. ಮಾವನ ತಾಯಿ ಇದ್ದ ಕಾಲದಲ್ಲಿ ಅದು ಸಾಧ್ಯವೇ ಇಲ್ಲದ ಮಾತು, ಆಮೇಲೂ ಯಾರೂ ಅದನ್ನು ಎತ್ತಲಿಲ್ಲ. ಅವರಿಗೆ ಪಡಸಾಲೆಯಲ್ಲಿ ತಟ್ಟೆ. ಮಾವ ಒಂದು ದಿನ ತಮ್ಮ ತಟ್ಟೆಯನ್ನು ತಾವೇ ಎತ್ತಿಕೊಂಡು ಹೊರಗೆ ಹೋಗಿ ಜೊತೆಯವರ ಎದುರಿಗೆ ಕೂತರಂತೆ. “ಇಲ್ಲಿ ಗಾಳಿ ಚೆನ್ನಾಗೈತೆ” ಎಂದರಂತೆ. ಆಮೇಲೆ ಸಾಯುವವರೆಗೂ ಅವರು ಒಳಗೆ ಉಣ್ಣಲಿಲ್ಲ. ಚಳಿಯಲ್ಲೂ ಗಾಳಿ ಚೆನ್ನಾಗಿಯೇ ಇತ್ತು. ಹಬ್ಬದ ದಿನ ನೆಂಟರು ಒಳಗೆ ಸಾಲಾಗಿ ಕೂತರೆ, ಮನೆಯ ಯಜಮಾನ ಪಡಸಾಲೆಯಲ್ಲಿ. ಅತ್ತೆ ಇದನ್ನು ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ಮುದ್ದೆ ಮಾತ್ರ ಬಿಸಿಯಾಗಿ ಹೊರಗೆ ಬರುವ ಹಾಗೆ ನೋಡಿಕೊಳ್ಳುತ್ತಿದ್ದರು.

ಮಾವ ತೀರಿಕೊಂಡ ದಿನ ತೋಟದ ಮೂಲೆಯಲ್ಲಿ ಮಣ್ಣು ಕೊಡುವಾಗ ಜೊತೆಯವರು ದೂರದಲ್ಲಿ ಒಂದು ತೆಂಗಿನ ಮರ ಹಿಡಿದುಕೊಂಡು ನಿಂತಿದ್ದರು. ಎಲ್ಲರದೂ ಆದ ಮೇಲೆ ಬಂದರು. ಹಿಡಿ ಮಣ್ಣು ಹಾಕಿ ‘ಭಾಯಾ’ ಎಂದರು. ಒಂದೇ ಸಲ. ನಮಗೆ ಯಾರಿಗೂ ಆ ಮಾತು ಗೊತ್ತಿರಲಿಲ್ಲ. ತಾಂಡಾದ ಭಾಷೆಯಲ್ಲಿ ಸಾವಿಗೆ ಆಡುವ ಮಾತೇನೋ ಎಂದುಕೊಂಡೆವು. ಕೇಳುವ ಹೊತ್ತೂ ಅದಲ್ಲ. ಆಮೇಲೆ ಅವರು ಒಬ್ಬರೇ ಪಡಸಾಲೆಯಲ್ಲಿ ಕೂತು ಉಂಡರು, ಎರಡು ವರ್ಷದ ಹತ್ತಿರ. ಆಷಾಢದಲ್ಲಿ ಜ್ವರ ಬಂದು ತಿಪಟೂರಿನ ಆಸ್ಪತ್ರೆಯಲ್ಲಿ ಹೋದರು. ತಾಂಡಾದಿಂದ ಅಣ್ಣನ ಮಕ್ಕಳು ಬಂದು ದೇಹವನ್ನು ತಮ್ಮೂರಿಗೆ ಒಯ್ದರು.

ಈಗ ಪಕ್ಷ ಬಂದಿತ್ತು. ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರು ಮನೆಗೆ ಬರುತ್ತಾರೆ ಎಂಬುದು ನಮ್ಮಲ್ಲಿ ನಂಬಿಕೆ. ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಎಲೆ ಇಲ್ಲದವರು ಬಾಗಿಲವರೆಗೆ ಬಂದು ಹಾಗೇ ಹಸಿದುಕೊಂಡು ಹೋಗುತ್ತಾರಂತೆ. ಇದನ್ನು ನಾನು ನಂಬುತ್ತೇನೋ ಇಲ್ಲವೋ ನನಗೇ ಹೇಳುವುದಕ್ಕೆ ಆಗುವುದಿಲ್ಲ. ಆದರೆ ವರ್ಷಗಟ್ಟಲೆ ನಾನು ಕೈಯಾರೆ ಅನ್ನ ಇಕ್ಕಿದ ಮನುಷ್ಯ ನಮ್ಮ ಬಾಗಿಲಿಗೆ ಬಂದು ಎಲೆ ಹುಡುಕಿ ಹೋಗುವುದನ್ನು ನೆನೆದರೆ ಪಾತ್ರೆ ತಿಕ್ಕುವ ಕೈ ನಿಲ್ಲುತ್ತಿತ್ತು.

ಅತ್ತೆಯನ್ನು ಕೇಳಿದೆ. ಅವರು ಕಡುಬಿಗೆ ಅಕ್ಕಿ ಆರಿಸುತ್ತಿದ್ದರು.

“ಅತ್ತೆ, ಈ ಸಲ ಜೊತೆಯವರಿಗೂ ಒಂದೆಲೆ ಹಾಕಾಣ್ವಾ?”

ಅವರು ತಲೆ ಎತ್ತಲಿಲ್ಲ. “ಹಿರೇರು ಅಂದ್ರೆ ಮನೆಯೋರು ಕಣವ್ವ.”

“ಅವ್ರು ಮನೇಲೇ ಇದ್ದೋರಲ್ವಾ?”

“ಮನೇಲಿ ದನಾನೂ ಇರ್ತಾವೆ,” ಎಂದುಬಿಟ್ಟರು. ಅಂದಮೇಲೆ ಅವರಿಗೇ ಆ ಮಾತು ಹಿಡಿಸಲಿಲ್ಲವೆಂದು ಕಾಣುತ್ತದೆ. ಮೊರವನ್ನು ಒಂದು ಸಲ ಸುಮ್ಮನೆ ಕೊಡವಿದರು. “ಅವ್ರಿಗೂ ಜನ ಇಲ್ವೇನೇ? ಎತ್ಕೊಂಡೋಗಿ ಮಣ್ಣು ಮಾಡಿದೋರು ಎಡೆ ಇಕ್ಕಕಿಲ್ವಾ? ಇಬ್ಬರ ಮನೇಲಿ ಕರೆದ್ರೆ ಆ ಜೀವ ಎಲ್ಲಿಗೆ ಅಂತ ಹೋಗ್ಬೇಕು? ಗೊತ್ತಿಲ್ದೆ ಇಂಥದ್ಕೆ ಕೈ ಹಾಕ್ಬಾರ್ದು, ಬುಡು.”

ನಾನು ಬಿಟ್ಟೆ. ಬಾಯಲ್ಲಿ ಬಿಟ್ಟೆ.

ಮಾರನೆಯ ದಿನ ಮಧ್ಯಾಹ್ನ ಮಗಳು ಅಡುಗೆಮನೆಗೇ ಬಂದು ಹೊಸ್ತಿಲ ಮೇಲೆ ಕೂತಳು. ಅವಳ ಪದದ ದಾರಿ ಸಿಕ್ಕಿತ್ತು.

“ಅಮ್ಮ, ಇದು ಇಂಗ್ಲಿಷಿನೋರ ಮಾತೇ ಅಲ್ಲ. ರೋಮಾ ಅಂತ ಒಂದು ಜನ ಇದಾರೆ. ಜಿಪ್ಸಿಗಳು ಅಂತಾರಲ್ಲ, ಗಾಡಿ ಕಟ್ಕೊಂಡು ಊರೂರು ತಿರುಗೋರು. ಪಾಲ್ ಅವರ ಮಾತು. ಅವರಿಂದ ಇಂಗ್ಲೆಂಡಿನ ಬೀದಿಗೆ ಬಂದಿದೆ.”

“ಅವ್ರಿಗೆ ಎಲ್ಲಿಂದ ಬಂತಂತೆ?”

“ಅದೇ ವಿಚಿತ್ರ. ಅವರು ಮೂಲ ನಮ್ಮ ದೇಶದೋರೇ. ಸಾವಿರ ವರ್ಷದ ಹತ್ತಿರ ಆಗಿರಬಹುದಂತೆ ಉತ್ತರದಿಂದ ಹೊರಟು. ಯಾಕೆ ಹೊರಟ್ರು ಅಂತ ಸರಿಯಾಗಿ ಯಾರಿಗೂ ಗೊತ್ತಿಲ್ಲ. ಪರ್ಷಿಯಾ ದಾಟಿದ್ದಾರೆ, ಅರ್ಮೇನಿಯಾ ದಾಟಿದ್ದಾರೆ, ಗ್ರೀಕರ ನಾಡಲ್ಲಿ ಬಹಳ ಕಾಲ ಇದ್ದಾರೆ. ಹೋದ ಹೋದ ಕಡೆ ಒಂದಷ್ಟು ಮಾತು ಎತ್ಕೊಂಡಿದಾರೆ. ಆದ್ರೆ ಮನೆ ಮಾತು ಹಳೇದೇ ಉಳಿಸ್ಕೊಂಡಿದಾರೆ. ಅವರಲ್ಲಿ ಫ್ರಾಲ್, ಪ್ರಾಲ್ ಅಂತ ಇತ್ತು. ಇಂಗ್ಲೆಂಡಿಗೆ ಬರೋ ಹೊತ್ತಿಗೆ ಸವೆದು ಪಾಲ್ ಆಗಿದೆ. ಅದರ ಹಿಂದಕ್ಕೆ ಹೋದ್ರೆ ಸಂಸ್ಕೃತದ ಭ್ರಾತೃ.”

“ಅಣ್ಣತಮ್ಮ.”

“ಹೂಂ. ಗೆಳೆಯ ಅನ್ನೋದು ಆಮೇಲೆ ಬಂದ ಅರ್ಥ. ಮೊದಲು ಅಣ್ಣತಮ್ಮನೇ. ಇನ್ನೊಂದು ಕೇಳು. ಇಂಗ್ಲಿಷಿನ ಬ್ರದರ್ ಕೂಡ ಅದೇ ಮೂಲದ್ದು. ಒಂದೇ ತಾಯಿ ಮಕ್ಕಳು. ಒಂದು ಅಲ್ಲೇ ಮನೇಲಿ ಬೆಳೆದಿದೆ, ಇನ್ನೊಂದು ಇಷ್ಟು ದೇಶ ಸುತ್ತಿ ಹಿತ್ತಲ ಬಾಗಿಲಿಂದ ಒಳಗೆ ಬಂದಿದೆ. ಒಂದೇ ಭಾಷೆಯೊಳಗೆ ಇದ್ರೂ ಗುರುತು ಹಿಡಿದಿಲ್ಲ. ಒಂದನ್ನ ಚರ್ಚಿನಲ್ಲಿ ಕೂರಿಸಿದಾರೆ, ಇನ್ನೊಂದನ್ನ ಬೀದೀಲಿ ಬಿಟ್ಟಿದಾರೆ.”

“ನಮ್ಮ ಅಣ್ಣ, ತಮ್ಮ ಅನ್ನೋವು?”

“ಅವು ಬೇರೆ ಮನೆತನ ಅಮ್ಮ. ಕನ್ನಡ, ತೆಲುಗು, ತಮಿಳು ಎಲ್ಲ ಒಂದು ಕಡೆ. ಇವಕ್ಕೂ ಅವಕ್ಕೂ ರಕ್ತಸಂಬಂಧ ಇಲ್ಲ. ಭ್ರಾತೃ ಅಂತ ನಾವು ಬರವಣಿಗೇಲಿ ತಂದಿಟ್ಕೊಂಡಿದೀವಿ ಅಷ್ಟೆ.”

ಅವಳು ಫೋನಿನಲ್ಲಿ ಒಂದು ಪಟ ತೋರಿಸಿದಳು. ಮರದ ಕೊಂಬೆಗಳಂತೆ ಹರಡಿದ ಭಾಷೆಗಳು. ಭ್ರಾತೃವಿನ ಕೊಂಬೆಯಲ್ಲಿ ಪಶ್ಚಿಮಕ್ಕೆ ಹೋದ ಫ್ರಾಲ್, ಇಲ್ಲೇ ಉಳಿದ ಹಿಂದಿಯ ಭಾಯಿ, ಗುಜರಾತಿಯ ಭಾಈ, ರಾಜಸ್ಥಾನದ ಕಡೆಯ ಮಾತುಗಳು. ನಾನು ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದೆ. ಭಾಯಿ ಎಂಬಲ್ಲಿ ನನ್ನ ಬೆರಳು ನಿಂತಿತು. ಹಿಂದಿ ಸಿನಿಮಾದಲ್ಲಿ ಎಷ್ಟು ಸಲ ಕೇಳಿದ ಮಾತು! ಆದರೂ ತೋಟದ ಮೂಲೆಯಲ್ಲಿ, ಹಿಡಿ ಮಣ್ಣಿನ ಜೊತೆ ಕೇಳಿದಾಗ ಅದು ಇದೇ ಮಾತಿರಬಹುದೆಂದು ನಮಗೆ ಹೊಳೆದಿರಲಿಲ್ಲ. ಅಲ್ಲಿ ಅಂಥ ಮಾತು ಬರುತ್ತದೆಂದು ನಾವು ಎದುರುನೋಡಿರಲಿಲ್ಲ, ಅದಕ್ಕೇ ಇರಬೇಕು.

“ತಾಂಡಾದೋರ ಭಾಷೇಲಿ ಅಣ್ಣತಮ್ಮಂಗೆ ಏನಂತಾರೆ?” ಎಂದು ಕೇಳಿದೆ.

“ಈ ಪಟದಲ್ಲಿ ಇಲ್ಲ. ಕೇಳಿ ತಿಳ್ಕೊಂಡ್ರೆ ನನಗೂ ಬರೆಯೋಕೆ ಆಗುತ್ತೆ.”

“ನಾಳೆ ಹೋಗಾಣ,” ಎಂದೆ. ಅವಳಿಗೆ ಪದ ಬೇಕಿತ್ತು. ನನಗೆ ಎಡೆಯ ವಿಷಯ ಬೇಕಿತ್ತು.

ಬೆಳಗಿನ ಕೆಲಸ ಮುಗಿಸಿ ಸ್ಕೂಟಿಯಲ್ಲಿ ಹೊರಟೆವು. ಕಂದಿಕೆರೆ ದಾಟಿ ಒಳಗೆ ಹೋಗುವ ದಾರಿಯಲ್ಲಿ ಜನ ಹೆಸರುಕಾಯಿ ಒಣಗಲು ಹರಡಿದ್ದರು. ಮಗಳು ಕಾಲು ಊರಿಕೊಂಡು ಅಂಚಿನಲ್ಲೇ ಗಾಡಿ ನಡೆಸಿದಳು. ಜೊತೆಯವರ ಅತ್ತಿಗೆ, ಅಂದರೆ ಅವರ ಅಣ್ಣನ ಹೆಂಡತಿ, ಮನೆಯ ಮುಂದೆ ಕೂತು ಹೆಸರುಕಾಳು ಕೇರುತ್ತಿದ್ದರು. ತುಂಬಾ ವಯಸ್ಸಾದವರು. ಯಾವ ಮನೆಯವರೆಂದು ಹೇಳುತ್ತಿದ್ದಂತೆ ಮೊರ ಕೆಳಗಿಟ್ಟು, ನನ್ನ ಕೈ ಹಿಡಿದುಕೊಂಡರು. ಸೊಸೆಗೆ ಕೂಗಿ ಟೀ ಹೇಳಿದರು.

“ನಿಮ್ಮನೆ ಅನ್ನಾನೇ ಜಾಸ್ತಿ ಉಂಡೋನು ಕಣವ್ವ ಅವ್ನು,” ಎಂದರು. “ಇಲ್ಲಿಗೆ ಬಂದ್ರೂ ಎರಡು ದಿನಕ್ಕೆ ಒದ್ದಾಡೋನು. ಅಲ್ಲಿ ನಮ್ಮ ಭಾಯಾ ಒಬ್ನೇ ಕೊಬ್ಬರಿ ಒಡೀತಾ ಕೂತಿರ್ತಾನೆ, ಬೆರಳು ಜಜ್ಕೊಂತಾನೆ ಅನ್ನೋನು. ನಮ್ಮೆಜಮಾನ್ರು ರೇಗೋರು. ಸ್ವಂತ ಭಾಯಾ ನಾನಿಲ್ಲಿ ಇವ್ನೀ, ಇವನಿಗೆ ಯಾವನೋ ಭಾಯಾ ಅಂತ.”

ಮಗಳು ನನ್ನ ಮುಖ ನೋಡಿದಳು.

“ಭಾಯಾ ಅಂದ್ರೆ ಅಣ್ಣನೇ ಅಲ್ವಾ ಅಜ್ಜಿ?” ಎಂದು ಕೇಳಿದಳು.

“ಅಣ್ಣ ಕಣ್ ಮಗ, ತಮ್ಮನೂ ಹೌದು. ಒಡಹುಟ್ಟಿದೋನು.”

ಅಜ್ಜಿಗೆ ಅದು ದಿನನಿತ್ಯದ ಮಾತು. ಮಗಳು ತಲೆ ಬಗ್ಗಿಸಿ ಫೋನಿನಲ್ಲಿ ಬರೆದುಕೊಂಡಳು. ನಾನು ಟೀ ಲೋಟ ಹಿಡಿದುಕೊಂಡು ಕೂತಿದ್ದೆ. ಆ ಪದ ರೋಮಾ ಜನರ ಗಾಡಿಯಲ್ಲಿ ಪಶ್ಚಿಮದ ದೇಶಗಳನ್ನು ದಾಟಿ ಇಂಗ್ಲೆಂಡಿಗೆ ಹೋಗಿತ್ತು. ಅದರದೇ ಒಡಹುಟ್ಟು ತಾಂಡಾದವರ ಹಿರಿಯರ ಜೊತೆ ರಾಜಸ್ಥಾನದ ಕಡೆಯಿಂದ ದಕ್ಷಿಣಕ್ಕೆ ನಡೆದು, ಕಂದಿಕೆರೆಯ ಮೇಲೆ ನಮ್ಮ ಪಡಸಾಲೆಗೆ ಬಂದು ಕೂತಿತ್ತು. ನಾವು ಅದಕ್ಕೆ ದಿನಾ ಸಾರು ಬಡಿಸಿದ್ದೆವು, ಹೆಸರು ಕೇಳಿರಲಿಲ್ಲ. ಮಾವನಿಗೆ ಗೊತ್ತಿತ್ತೇನೋ. ಗೊತ್ತಿದ್ದೇ ಇರಬೇಕು.

ನಾನು ಕೇಳಬೇಕಾದ್ದನ್ನು ಕೇಳಿದೆ. ಅತ್ತೆಯ ಅಂಜಿಕೆಯನ್ನೂ ಹೇಳಿದೆ, ಇಬ್ಬರ ಮನೆಯಲ್ಲಿ ಕರೆದರೆ ತಪ್ಪಾಗುತ್ತದೆಯೇ ಎಂದು.

ಅಜ್ಜಿ ಮೊರ ಮತ್ತೆ ಎತ್ತಿಕೊಂಡರು. “ನಾವು ಪಕ್ಷ ಮಾಡಕಿಲ್ಲ ಕಣವ್ವ. ನಮ್ಮ ಹಿರೇರಿಗೆ ದೀಪಾವಳೀಲಿ ಮಾಡ್ತೀವಿ. ಬೆಲ್ಲದನ್ನ, ತುಪ್ಪ ಬೆಂಕಿಗೆ ಬುಡ್ತೀವಿ. ಅವತ್ತು ಇಲ್ಲಿಗೆ ಬತ್ತಾನೆ. ನಿಮ್ಮಬ್ಬದ ದಿನ ಎಲ್ಲಿರ್ತಾನೆ ಅವ್ನು? ಬದುಕಿದ್ದಾಗ ಎಲ್ಲಿರ್ತಿದ್ನೋ ಅಲ್ಲೇ ಇರ್ತಾನೆ. ನೀವು ಇಕ್ಕುದ್ರೆ ಉಣ್ತಾನೆ, ಇಕ್ಕದಿದ್ರೆ ಸುಮ್ನೆ ಕೂತಿರ್ತಾನೆ. ಕೇಳೋ ಪೈಕಿ ಅಲ್ಲ ಅವ್ನು.”

ಹೊರಡುವಾಗ ಒಂದು ಚೀಲದಲ್ಲಿ ಹೆಸರುಕಾಳು ಹಾಕಿಕೊಟ್ಟರು.

ಅವತ್ತು ಸಂಜೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅಜ್ಜಿ ಆಡಿದ್ದನ್ನು ಅವರು ಆಡಿದ ಹಾಗೇ ಹೇಳಿದೆ. ಮಗಳು ತನ್ನ ಪದದ ಕಥೆಯನ್ನೂ ಸೇರಿಸಿದಳು, ದೇಶ ಸುತ್ತಿದ್ದು, ಸವೆದದ್ದು, ಒಂದೇ ತಾಯಿಯ ಎರಡು ಮಕ್ಕಳು ಗುರುತು ಸಿಗದೆ ಹೋದದ್ದು. ಅತ್ತೆ ಗೋಡೆಗೆ ಒರಗಿ ಕಾಲು ಚಾಚಿಕೊಂಡು ಕೇಳಿದರು.

“ಇಂಗ್ಲಿಷ್ನೋರಿಗೆ ಗೊತ್ತಾಗ್ದೆ ಇದ್ರೆ ಅವರ ಹಣೇಬರ,” ಎಂದರು ಕೊನೆಗೆ. “ನಂಗೇನು ಗೊತ್ತಿರ್ಲಿಲ್ವಾ? ದಿನಾ ಎರಡು ತಟ್ಟೆ ಹೊರಗೆ ಕೊಟ್ಟೋಳು ನಾನು.”

ಅಷ್ಟೇ. ಹೌದು, ಅಲ್ಲ ಎಂದು ಏನನ್ನೂ ಹೇಳಲಿಲ್ಲ. ಎದ್ದು ದೇವರ ದೀಪ ಹಚ್ಚಲು ಹೋದರು. ಇನ್ನೊಂದು ಸಲ ಕೇಳುವ ಧೈರ್ಯ ನನಗಾಗಲಿಲ್ಲ. ನಮ್ಮ ಮನೆಯ ಎಡೆ ಅತ್ತೆಯ ಕೈಯದು. ಅವರು ಹಾಕದ ಎಲೆಯನ್ನು ನಾನು ಹಾಕುವಂತಿಲ್ಲ.

ಅಮಾವಾಸ್ಯೆಯ ದಿನ ಬೆಳಗ್ಗೆ ಒಲೆಗಳೆರಡೂ ಹತ್ತಿದ್ದವು. ಹೋಳಿಗೆ, ಕಡುಬು, ಕುಂಬಳಕಾಯಿ ಪಲ್ಯ, ವಡೆ, ಅನ್ನ, ಸಾರು, ಪಾಯಸ. ತಾಂಡಾದ ಹೆಸರುಕಾಳನ್ನು ನಾನು ಉಸಲಿ ಮಾಡಿದ್ದೆ. ಮಾವನಿಗೆಂದು ಒಂದು ಪುಟ್ಟ ಮುದ್ದೆ. ಅಡುಗೆ ಮುಗಿಯಿತು ಎನ್ನುವಾಗ ಅತ್ತೆ ಒಳಗೆ ಬಂದು, “ಹುಚ್ಚೆಳ್ಳು ಎಲ್ಲೈತೆ?” ಎಂದರು.

ತೆಗೆದುಕೊಟ್ಟೆ. ಅವರೇ ಬಾಣಲೆಯಿಟ್ಟು ಹುರಿದರು, ಒಣಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಒರಳಲ್ಲಿ ಕುಟ್ಟಿದರು. ನಮ್ಮ ಮನೆಯ ಹಿರಿಯರಲ್ಲಿ ಹುಚ್ಚೆಳ್ಳು ಚಟ್ನಿ ಮುಟ್ಟುತ್ತಿದ್ದವರು ಯಾರೂ ಇಲ್ಲ. ಮಾವನಿಗೆ ಆಗಿಬರುತ್ತಿರಲಿಲ್ಲ. ಮುದ್ದೆಯ ಪಕ್ಕಕ್ಕೆ ಅದಿಲ್ಲದಿದ್ದರೆ ತಟ್ಟೆ ನೋಡಿಕೊಂಡು ಕೂರುತ್ತಿದ್ದವರು ಒಬ್ಬರೇ. ನಾನು ಇನ್ನೊಂದು ಪುಟ್ಟ ಮುದ್ದೆ ಕಟ್ಟಿದೆ.

ನಡುಮನೆಯಲ್ಲಿ ಕಲಶ ಇಟ್ಟು, ಹಿರಿಯರ ಬಟ್ಟೆ ಇಟ್ಟು, ಅತ್ತೆ ಸಾಲಾಗಿ ಬಾಳೆ ಎಲೆ ಹಾಕಿದರು. ಅವರ ಅತ್ತೆಯದು, ಮಾವನದು, ಚಿಕ್ಕಂದಿನಲ್ಲೇ ಹೋದ ಒಬ್ಬ ಮೈದುನನದು. ಕೊನೆಯ ಎಲೆ ನಮ್ಮ ಮಾವನದು. ನಾನು ಬಡಿಸುತ್ತಾ ಬಂದೆ. ಆ ಕೊನೆಯ ಎಲೆಯ ಪಕ್ಕದಲ್ಲಿ ಒಂದು ಎಲೆ ಹಿಡಿಸುವಷ್ಟು ಜಾಗವಿತ್ತು. ಅತ್ತೆ ಅಲ್ಲಿ ಏನೂ ಹಾಕಲಿಲ್ಲ. ಚಟ್ನಿಯನ್ನು ಸುಮ್ಮನೆ ಮಾಡಿರಬೇಕು, ಕಾಗೆಗೆ ಇಡುವ ತುತ್ತಿಗೆ ಸೇರಿಸುತ್ತಾರೇನೋ ಎಂದುಕೊಂಡೆ.

ಅಷ್ಟರಲ್ಲಿ ಅತ್ತೆ ಬಗ್ಗಿ, ನಮ್ಮ ಮಾವನ ಎಲೆಯ ಎರಡು ತುದಿಗಳಿಗೆ ಕೈ ಕೊಟ್ಟರು.

“ಎಲೆ ಎತ್ಬಾರ್ದು ಕಣಮ್ಮ!” ಎಂದು ನಮ್ಮ ಯಜಮಾನರು ಗಾಬರಿಯಾದರು. ಬಡಿಸಿದ ಎಡೆಯನ್ನು ಪೂಜೆಗೆ ಮೊದಲು ಅಲುಗಿಸುವ ಹಾಗಿಲ್ಲ.

“ಸುಮ್ಕಿರು. ನಿಮ್ಮಪ್ಪ ಯಾವತ್ತು ಒಳಗೆ ಉಂಡವ್ರೆ? ಇಲ್ಲಿ ಇಟ್ರೆ ಅವ್ರೆಲ್ಲಿ ಬತ್ತಾರೆ? ಬಾ, ಒಂದು ಕಡೆ ಹಿಡ್ಕೊ. ಮುದ್ದೆ ಉರುಳ್ತದೆ.”

ತಾಯಿ ಮಗ ಇಬ್ಬರೂ ಬಗ್ಗಿಕೊಂಡೇ, ಎಲೆ ಬಾಗದ ಹಾಗೆ, ಹೊಸ್ತಿಲು ದಾಟಿಸಿದರು. ಸಾರು ಮಾತ್ರ ಅಂಚಿನಿಂದ ಸ್ವಲ್ಪ ಚೆಲ್ಲಿ ಹೊಸ್ತಿಲ ಕುಂಕುಮದ ಮೇಲೆ ಹರಿಯಿತು. ಪಡಸಾಲೆಯಲ್ಲಿ ಕಂಬದ ಪಕ್ಕ, ಮಾವ ಕೂರುತ್ತಿದ್ದ ಜಾಗದಲ್ಲಿ ಇಟ್ಟರು. ಆಮೇಲೆ ಅತ್ತೆ ಸೊಂಟ ಹಿಡಿದುಕೊಂಡು ಎದ್ದು, ಮೂಲೆಯಲ್ಲಿದ್ದ ಮಣೆಯನ್ನು ತಂದು ಸೆರಗಿನಿಂದ ಒರೆಸಿ ಎದುರಿಗೆ ಹಾಕಿದರು. ಅದರ ಮುಂದೆ ಇನ್ನೊಂದು ಎಲೆ ಹಾಸಿದರು.

“ಬಡಿಸವ್ವ,” ಎಂದರು ನನಗೆ. “ಚಟ್ನಿ ಮೊದ್ಲು ಇಕ್ಕು.”

ಚಟ್ನಿ ಮೊದಲು ಇಕ್ಕಿದೆ, ಮುದ್ದೆ, ಹೆಸರುಕಾಳಿನ ಉಸಲಿ, ಆಮೇಲೆ ಉಳಿದದ್ದೆಲ್ಲ. ಮಗಳು ಎರಡು ಲೋಟ ನೀರು ತಂದಿಟ್ಟಳು. ನಮ್ಮ ಯಜಮಾನರು ಒಳಗಿನಿಂದ ಮಂಗಳಾರತಿ ತಂದು, ಮೊದಲು ಯಾವ ಎಲೆಗೆ ಎತ್ತುವುದೆಂದು ತಿಳಿಯದೆ ನಿಂತರು. ಅತ್ತೆ ಅವರ ಮೊಣಕೈ ಹಿಡಿದು ಎರಡು ಎಲೆಗೂ ನಡುವೆ ನಿಲ್ಲಿಸಿದರು.

ಆಮೇಲೆ ನಾವೆಲ್ಲ ಪಡಸಾಲೆಯ ಹೊರಬಾಗಿಲು ಮುಂದೆ ಮಾಡಿಕೊಂಡು ಅಂಗಳಕ್ಕೆ ಇಳಿದೆವು. ಸಾಧಾರಣವಾಗಿ ಈ ಹೊತ್ತಿನಲ್ಲಿ ಅತ್ತೆ ಅದೂ ಇದೂ ಮಾತಾಡುತ್ತಾರೆ, ಯಾರ ಮನೆಯ ಕಡುಬು ಒಡೆಯಿತು, ಯಾರು ಬರಲಿಲ್ಲ ಎಂದು. ಅವತ್ತು ತುಳಸಿ ಕಟ್ಟೆ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಾ ನಿಂತಿದ್ದರು. ತೋಟದ ಕಡೆಯಿಂದ ಗರಿಗಳ ಸದ್ದು ಬರುತ್ತಿತ್ತು. ಮಗಳು ನನ್ನ ಪಕ್ಕಕ್ಕೆ ಬಂದು ನಿಂತಳು.

ಸ್ವಲ್ಪ ಹೊತ್ತಾದ ಮೇಲೆ ನಮ್ಮ ಯಜಮಾನರು, “ಬಾಗಿಲು ತೆಗೀಲೇನಮ್ಮ?” ಎಂದು ಕೇಳಿದರು.

“ಇರಪ್ಪ,” ಎಂದರು ಅತ್ತೆ. “ಅವ್ರಿಬ್ರೂ ನಿಧಾನ. ಉಣ್ಲಿ.”